ಮುಚ್ಚುತಟ್ಟೆ ರದ್ದಾದ ಸಮಾಚಾರ

ಗದಗ ಸೀಮೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ಮುನ್ನೂರ ಹದಿನಾಲ್ಕು

ಧಾರಾವಾಹಿಯಲ್ಲಿ ಡಾಕ್ಟರ ಹೆಂಡತಿಯಾಗಿ ನಟಿಸಿದ ತಾಯಿಗೆ ದಾನಮ್ಮನ ಶರಣು.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತೆಂದು ಬೆರಗಾಗಬೇಡಿ. ಈಗ ನಮ್ಮ ತಿಂಗಳುಗಳೆಲ್ಲ ಒಂದೇ ಅಳತೆಯವು. ನಿಮಗೆ ತಿಳಿಯದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ನಿಜವಾದ ಹೆಸರೂ ನಮಗೆ ಗೊತ್ತಿಲ್ಲ.

ನಿಮ್ಮ ಕಾಲದ ಬರಹ, ಚಿತ್ರ ಎಲ್ಲ ಮಹಾಮರೆವಿನಲ್ಲಿ ಹೋದವು. ಯಂತ್ರಗಳ ನೆನಪು ಒಮ್ಮೆಲೇ ಅಳಿಸಿಹೋದ ವರ್ಷವನ್ನು ನಾವು ಹಾಗೆ ಕರೆಯುತ್ತೇವೆ. ನಮ್ಮ ಸೀಮೆಯಲ್ಲಿ ಉಳಿದದ್ದು ನಿಮ್ಮ ಧಾರಾವಾಹಿಯೊಂದೇ. ಅದು ನಾಟಕವೆಂದು ಹೇಳಲು ಯಾರೂ ಉಳಿದಿರಲಿಲ್ಲ. ಹಿರಿಯರು ಅದನ್ನು ನಿಜವಾದ ಮನೆಯೆಂದೇ ನಂಬಿ, ಹಾಗೆಯೇ ಬಾಳಬೇಕೆಂದು ಕಟ್ಟುಪಾಡು ಮಾಡಿದರು. ಡಾಕ್ಟರು ಹಗಲಿರುಳು ದುಡಿಯುತ್ತಾರೆ. ನೀವು ರೇಷ್ಮೆ ಸೀರೆಯುಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಮುಚ್ಚಿಟ್ಟ ತಟ್ಟೆಯ ಮುಂದೆ ಕೂತು ಕಾಯುತ್ತೀರಿ, ಅಳುತ್ತೀರಿ, ಅವರು ಬಂದರೆ ಮುನಿಸಿಕೊಳ್ಳುತ್ತೀರಿ. ಬೇರೆ ಕೆಲಸವೇ ಇಲ್ಲ. ಗಾಬರಿಯಾದಾಗ ನಿಮ್ಮ ಮುಖ ಮೂರು ಸಲ ತಿರುಗುತ್ತದಲ್ಲ, ಅದನ್ನು ನೋಡಿ ಕಲಿತ ನಮ್ಮಜ್ಜಿ ಹಾಲು ಉಕ್ಕಿದರೂ ಮೂರು ಸಲ ತಿರುಗಿ ನೋಡಿಯೇ ಒಲೆ ಆರಿಸುತ್ತಿದ್ದಳು. ನಗಬೇಡಿ ಮತ್ತೆ! ದುಡಿಯುವ ಗಂಡಸನ್ನು ಮದುವೆಯಾದವಳು ತನ್ನ ಕೆಲಸ ಬಿಟ್ಟು ಅವನಿಗಾಗಿ ಕಾಯಬೇಕು, ಅವನು ಬರುವತನಕ ಉಣ್ಣಬಾರದು. ಇದಕ್ಕೆ ಮುಚ್ಚುತಟ್ಟೆ ಎಂದು ಹೆಸರು. ನಾನು ನೇಯ್ಗೆ ಬಿಟ್ಟದ್ದು ಹೀಗೆಯೇ.

ಈಗ ಮಗಳು ನಿಂಬೆವ್ವನ ಸರದಿ ಬಂದಿತ್ತು. ಅವಳು ಗಾಳಿಗಂಬ ಹತ್ತಿ ಯಂತ್ರ ರಿಪೇರಿ ಮಾಡುವವಳು. ಊರೂರಿಗೆ ನೀರುಬಂಡಿ ಓಡಿಸುವ ಗುರುಸಿದ್ಧನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ಚಿನ್ನದಂಥವನು, ಆದರೆ ಕಟ್ಟುಪಾಡಿನೆದುರು ಅವನಾದರೂ ಏನು ಮಾಡಿಯಾನು? ಹತ್ಯಾರದ ಚೀಲವನ್ನು ಗೂಟಕ್ಕೆ ನೇತುಹಾಕಿ ಮಗಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಮದುವೆಯ ಹಿಂದಿನ ವಾರ ಧಾರಾವಾಹಿ ತೋರಿಸುವ ಸಭೆಯ ತೆರೆಯಂತ್ರ ಕೆಟ್ಟಿತು. ಕೊನೆಯ ಕೆಲಸವೆಂದು ಅವಳನ್ನೇ ಕರೆದರು. ಕಂತು ಮುಗಿದು ಹಾಡು ಬಂದ ಕೂಡಲೇ ಎದ್ದು ಕೈಮುಗಿದು ಯಂತ್ರ ಆರಿಸುವುದು ನಮ್ಮ ಪದ್ಧತಿ. ರಿಪೇರಿ ಸರಿಯಾಯಿತೋ ಇಲ್ಲವೋ ನೋಡಲು ಅವಳು ಆರಿಸದೆ ಬಿಟ್ಟಳು. ಹಾಡಿನ ಆಚೆ ನೀವಿದ್ದಿರಿ, ತಾಯಿ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಿದ ತಟ್ಟೆ ತೆಗೆದು ಚಪಾತಿ ಮುರಿಯುತ್ತ ಯಾರಿಗೋ ಹೇಳುತ್ತಿದ್ದಿರಿ: "ಅಲ್ಲ ಸಾರ್, ಇವಳಿಗೆ ಹಸಿವೇ ಆಗಲ್ವಾ? ನಾನು ಶೂಟಿಂಗ್ ಮುಗಿಸಿ ಮನೆಗೆ ಹೋಗೋಷ್ಟರಲ್ಲಿ ನಮ್ಮೆಜಮಾನ್ರು ಅಡುಗೆ ಮಾಡಿ, ಉಂಡು, ಗೊರಕೆ ಹೊಡೀತಿರ್ತಾರೆ."

ಮರುದಿನವೇ ಸಭೆಗೆ ತೋರಿಸಿದೆವು. ಹಿರಿಯ ಚೆನ್ನವೀರಜ್ಜ, "ಯಪ್ಪಾ, ಅಕಿ ದುಡಿಯಾಕಿ ಅದಾಳಲ್ಲೋ! ನಾವು ಆಟ ನೋಡಿ ಬಾಳೇ ಹಾಳು ಮಾಡ್ಕೊಂಡ್ವಿ," ಎಂದು ತಲೆ ಚಚ್ಚಿಕೊಂಡ. ಮುಚ್ಚುತಟ್ಟೆ ಅಂದೇ ರದ್ದಾಯಿತು. ಉಸ್ಸಪ್ಪಾ! ಎಷ್ಟು ದಿನದ ಭಾರ ಇಳಿಯಿತೆಂದು ಹೇಗೆ ಹೇಳಲಿ? ನಿಂಬೆವ್ವ ಮದುವೆಯ ಮರುದಿನವೇ ಗಾಳಿಗಂಬ ಹತ್ತಿದಳು. ಗುರುಸಿದ್ಧ ಕೆಳಗೆ ನಿಂತು ಹುಷಾರು, ಹುಷಾರು ಎಂದು ಕೂಗುತ್ತಿದ್ದ.

ಒಂದು ಕೋರಿಕೆ. ಹಾಡಿನ ಆಚೆ ಹೇಳಿದ್ದನ್ನು ಕಂತಿನೊಳಗೇ ಹೇಳಲು ಬಿಡಿ ಎಂದು ನಿಮ್ಮ ಕಥೆ ಬರೆಯುವವರನ್ನು ಕೇಳಿ. ನಮಗೆ ಅದು ಸಿಗುವಷ್ಟರಲ್ಲಿ ಬಹಳ ತಡವಾಗಿತ್ತು.

ನಿನ್ನೆ ನಮ್ಮ ಯಜಮಾನರು ಹೊಲದಿಂದ ಬರುವುದು ತಡವಾಯಿತು. ನಾನು ಬಡಿಸಿಕೊಂಡು ಉಂಡುಬಿಟ್ಟೆ. ಮದುವೆಯಾದಂದಿನಿಂದ ತಣ್ಣಗಾದದ್ದನ್ನೇ ಉಂಡವಳು. ಬಿಸಿ ಅನ್ನಕ್ಕೆ ಇಷ್ಟು ರುಚಿ ಇರುತ್ತದೆಂಬುದು ಮರೆತೇ ಹೋಗಿತ್ತು, ತಾಯಿ. ಉಣ್ಣುತ್ತ ಉಣ್ಣುತ್ತ ಅತ್ತುಬಿಟ್ಟೆ.