ಬೆನ್ನು ಕೆರೆಯುವ ಕೋಲು

ಜಗತ್ತಿನ ಹನ್ನೊಂದು ಕಾರ್ಖಾನೆಗಳನ್ನು ಒಂದೇ ಭೂಪಟದಲ್ಲಿ ಕಾಣಬಲ್ಲ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಎಸ್ಟೋನಿಯಾದ ಪ್ಲೈವುಡ್ ಕಾರ್ಖಾನೆಯಲ್ಲಿ ಹೆಲ್ವೆ ಎಂಬ ತಪಾಸಣೆಗಾರ್ತಿಯ ಮೇಲೆ ಬರುವ ಶುಕ್ರವಾರ ವಿಚಾರಣೆ ನಡೆಯಲಿದೆ. ಒಳಗೆ ಅಂಟು ಹಿಡಿಯದ ಹಲಗೆಗಳನ್ನು ಒಳ್ಳೆಯವೆಂದು ಸಾಗಹಾಕಿದಳೆಂಬುದು ಆರೋಪ. ತಪ್ಪು ಆಕೆಯದಲ್ಲ, ನನ್ನದು. ಇದನ್ನು ಖಾಸಗಿಯಾಗಿ ಎರಡು ಬಾರಿ ಬರೆದೆ; ನನ್ನ ಅಭಿಪ್ರಾಯ ಅಮೂಲ್ಯವೆಂಬ ಸಿದ್ಧ ಉತ್ತರ ಎರಡು ಬಾರಿ ಬಂದಿತು. ಆದ್ದರಿಂದ ಈಗ, ನೆರೆಹೊರೆಯವರೆಲ್ಲ ಓದುವ ಈ ಪತ್ರಿಕೆಯಲ್ಲಿ ತಲೆತಗ್ಗಿಸಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಫಿನ್ಲೆಂಡಿನ ನಮ್ಮ ಕಾರ್ಖಾನೆಯನ್ನು ಮುಚ್ಚುವ ಮುನ್ನ, ನನ್ನ ಮೂವತ್ತನಾಲ್ಕು ವರ್ಷಗಳ ತಪಾಸಣೆಯ ಕೆಲಸವನ್ನು ಆರು ವಾರಗಳಲ್ಲಿ, ಎಸ್ಟೋನಿಯಾದಿಂದ ಬಂದ ಹೆಲ್ವೆಗೆ ಕಲಿಸಲು ಆಜ್ಞಾಪಿಸಿದಿರಿ. ಅದಕ್ಕೆ ನೀವಿಟ್ಟ ಹೆಸರು ಜ್ಞಾನ ಹಸ್ತಾಂತರ. ಎಂಥ ಸೊಗಸಾದ ಪದ! ಅದನ್ನು ಹುಟ್ಟಿಸಿದವರು ಮುಂದೆ ಬರುವವರಿಗಾಗಿ ತಮ್ಮ ಕುರ್ಚಿಯನ್ನು ಎಂದಾದರೂ ಒರೆಸಿಕೊಟ್ಟಿದ್ದಾರೆಯೆ?

ಹೆಲ್ವೆಗೆ ನಮ್ಮ ಭಾಷೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಕಡಲಾಚೆಗೂ ಸಿಗುತ್ತಿದ್ದ ನಮ್ಮ ಟಿ.ವಿ. ನೋಡಿ ಕಲಿತವಳು. ಕ್ಯಾಂಟೀನಿನಲ್ಲಿ ಗುರುವಾರದ ಬಟಾಣಿ ಸಾರನ್ನು ನನ್ನೆದುರೇ ಕುಳಿತು ಉಣ್ಣುತ್ತಿದ್ದಳು. ಗಂಟು, ಬಿರುಕು, ಕಲೆ ಎಲ್ಲವನ್ನೂ ಕಲಿಸಿದೆ. ಒಂದನ್ನು ಮಾತ್ರ ಬಚ್ಚಿಟ್ಟೆ. ಪದರಗಳ ನಡುವೆ ಅಂಟು ಹಿಡಿಯದ ಜಾಗ ಕಣ್ಣಿಗೆ ಕಾಣದು. ಬರ್ಚ್ ಮರದ ಕೋಲಿನಿಂದ ಬಡಿದರೆ ಅಲ್ಲಿ ದನಿ ಪೊಳ್ಳಾಗುತ್ತದೆ. ನಿಮ್ಮ ಕೈಪಿಡಿಗೆ ಇದು ತಿಳಿಯದು. ಆಕೆ ಆಚೆ ಹೋದಾಗ ಬಡಿಯುತ್ತಿದ್ದೆ, ಬಂದೊಡನೆ ಕೋಲನ್ನು ಜೇಬಿಗಿಳಿಸುತ್ತಿದ್ದೆ. ಒಮ್ಮೆ ಕಂಡುಬಿಟ್ಟಳು.

"ಅದೇನ್ ಕೋಲು, ಐರ್ಯಕ್ಕಾ?"

"ಬೆನ್ನು ಕೆರ್ಕೊಳ್ಳೋಕೆ ಕಣೇ."

"ಅಯ್ಯೋ, ನಾವು ಅದಕ್ಕೇಂತ್ಲೇ ಗಂಡನ್ನ ಇಟ್ಕೊಂಡಿದೀವಿ!"

ಸಾಲಿನ ಹೆಂಗಸರೆಲ್ಲ ನಕ್ಕರು. ಕೋಲು ಯಾತಕ್ಕೆಂದು ಅವರೆಲ್ಲರಿಗೂ ಗೊತ್ತಿತ್ತು; ಒಬ್ಬಳೂ ಬಾಯಿ ಬಿಡಲಿಲ್ಲ. ಕೊನೆಯ ದಿನ, ಎಲ್ಲವನ್ನೂ ಕಲಿಸಿದ್ದೇನೆಂಬ ನಿಮ್ಮ ಕಾಗದಕ್ಕೆ ಸಹಿ ಹಾಕಿದೆ. ಸಿಟ್ಟಿದ್ದದ್ದು ನಿಮ್ಮ ಮೇಲೆ. ತೀರಿಸಿಕೊಂಡದ್ದು ನನ್ನನ್ನು ಅಕ್ಕ ಎಂದವಳ ಮೇಲೆ.

ಈ ಕ್ರಿಸ್ಮಸ್ಸಿಗೆ ಆಕೆಯ ಕಾರ್ಡು ಬಂದಿತು. "ಹಲಗೆಗಳು ವಾಪಸ್ ಬರ್ತಿವೆ ಅಕ್ಕಾ. ನೀವು ಹೇಳ್ಕೊಟ್ಟ ಹಾಗೇ ನೋಡ್ತೀನಿ, ಏನೂ ಕಾಣ್ಸಲ್ಲ. ನನ್ ಕಣ್ಣೇ ಸರಿಯಿಲ್ವೇನೋ."

ಕಣ್ಣಿನ ವೈದ್ಯರ ಬಳಿಗೂ ಹೋಗಿ ಬಂದಳಂತೆ.

ನಮ್ಮ ಕಾರ್ಖಾನೆಯನ್ನು ಮತ್ತೆ ತೆರೆಯಿರೆಂದು ನಾನು ಕೇಳುತ್ತಿಲ್ಲ. ಶುಕ್ರವಾರದ ಕಡತದಲ್ಲಿ ಈ ಪತ್ರವನ್ನು ಎಲ್ಲಕ್ಕಿಂತ ಮೇಲಿಡಿ. ನನ್ನ ಸಹಿ ಸುಳ್ಳೆಂದು ದಾಖಲಿಸಿ. ಗುರುವಾರದ ಹಡಗಿನಲ್ಲಿ ಹೊರಟು ನಾನೇ ಅಲ್ಲಿಗೆ ಬರುತ್ತೇನೆ. ಗೇಟಿನಲ್ಲಿ ಜೇಬು ತಡಕುವವರಿಗೆ ಒಂದು ಮಾತು ಹೇಳಿಡಿ: ಮುದುಕಿಯ ಕೋಲನ್ನು ಕಸಿದುಕೊಳ್ಳಬಾರದು. ಅದು ಹೆಲ್ವೆಯದು.

ಇಂತಿ,
ಎಲ್ಲವನ್ನೂ ಕಲಿಸಿದ್ದೇನೆಂದು ಸಹಿ ಹಾಕಿದ
ಐರ್ಯ ತುವೋವಿನೆನ್