ಒಂದೂ ಬಳೆ ಒಡೆಯಲಿಲ್ಲ

ಮುದ್ದೇಬಿಹಾಳ, ಗುರುವಾರ

ಮೋರಟಗಿಯ ಅಮ್ಮನಿಗೆ ಅಲ್ಮಾಸಳ ಸಲಾಂ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅಳಲು ಶುರು ಮಾಡುತ್ತೀ, ಅದಕ್ಕೇ ಈ ಕಾರ್ಡು. ಆಸ್ಪತ್ರೆಯವರು ಮೂರು ತಿಂಗಳು ನೋಡಿ ಹೇಳುತ್ತೇವೆ ಎಂದಿದ್ದರಲ್ಲ, ವಾರ್ಡಿನ ಆಯಾ ಕೆಲಸ ಖಾಯಂ ಆಯಿತು!

ನಿನ್ನೆ ಗೊಳಸಂಗಿಯ ಕಸ್ತೂರೆವ್ವ ಎಂಬಾಕೆಗೆ ಹೊಟ್ಟೆಯ ಆಪರೇಷನ್. ಆಗ ಕೈಯಲ್ಲಿ ಬಳೆ ಇರಕೂಡದು. ಆಕೆಗೋ ಕೈತುಂಬ ಹಸಿರು ಗಾಜಿನ ಬಳೆ, ಬಿಗಿಯಾಗಿ ಕೂತಿದ್ದವು.

"ಒಡದ ಬಿಡು ಅಲ್ಮಾಸ, ಡಾಕ್ಟ್ರು ಕಾಯಾಕತ್ತಾರ" ಎಂದರು ಸಿಸ್ಟರ್.

ಕಸ್ತೂರೆವ್ವ ಮಂಚದಿಂದ ಇಳಿದೇಬಿಟ್ಟಳು. "ನಮ್ಮನಿಯವ್ರು ಹೊರಗ ಗಟ್ಟಿಮುಟ್ಟಾಗಿ ಕುಂತಾರ. ನನ್ನ ಬಳಿ ಯಾಕ ಒಡೀತೀರಿ? ಆಪ್ರೇಷನ್ನೂ ಬ್ಯಾಡ, ಏನೂ ಬ್ಯಾಡ!"

ಒಂದನ್ನೂ ಒಡೆಯುವುದಿಲ್ಲ ಎಂದು ಆಕೆಯನ್ನು ಕೂರಿಸಿ, ಕೈ ಬರಿದಾಗಬಾರದೆಂದು ಮೊದಲು ಎರಡೂ ಕೈಗೆ ಬಳೆಗಳ ಹಿಂದೆ ಒಂದೊಂದು ಬ್ಯಾಂಡೇಜ್ ಪಟ್ಟಿ ಕಟ್ಟಿದೆ. ಆಮೇಲೆ ಸಾಬೂನಿನ ನೊರೆ ಹಚ್ಚಿ, ಹೆಬ್ಬೆರಳು ಒಳಗೆ ಮಡಿಸಿ, ಸಂತೆಯಲ್ಲಿ ನೀನು ಮಾಡುವ ಹಾಗೆ ನೋವು ಮರೆಯಲೆಂದು ಆಕೆಯ ಮನೆಯ ಎಮ್ಮೆಯ ಮಾತು ತೆಗೆದು ಒಂದೊಂದೇ ಜಾರಿಸಿದೆ. ಒಂದೂ ಒಡೆಯಲಿಲ್ಲ.

"ಎಲ್ಲಿ ಕಲ್ತಿ?" ಎಂದರು ಸಿಸ್ಟರ್.

"ನಮ್ಮಮ್ಮ ಬಳಿ ಮಾರ್ತಾಳ್ರಿ."

ಇಷ್ಟು ದಿನ ಇಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಬೈಯುವುದಿದ್ದರೆ ಬೈಯಿ.

ಇಲ್ಲಿ ಜೋಳದ ರೊಟ್ಟಿ ಸಿಗುತ್ತದೆ, ಆರಾಮಾಗಿದ್ದೇನೆ. ನೀನು ಬಿಪಿ ಮಾತ್ರೆ ತಪ್ಪಿಸಬೇಡ. ಡ್ಯೂಟಿಗೆ ಕರೆಯುತ್ತಿದ್ದಾರೆ.

ಹಾಂ, ಎಚ್ಚರವಾದಾಗ ಕಸ್ತೂರೆವ್ವ ನೀರನ್ನೂ ಕೇಳಲಿಲ್ಲ. ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು, ಸಂತೆಯಲ್ಲಿ ನಿನ್ನ ಮುಂದೆ ಚಾಚುತ್ತಾರಲ್ಲ, ಹಾಗೆ.

ನಿನ್ನ ಅಲ್ಮಾಸ