ಅಡುಗೆಮನೆಯೊಳಗಿನ ದಾರಿ

ಕಡಲದಂಡೆ, ಸಿಮೆಂಟ್ ಶೆಡ್ಡಿನಿಂದ
ಶುಕ್ರವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಯಜಮಾನರೇ,

ನಿಮ್ಮ ಸೊಂಟನೋವು ಹೇಗಿದೆ? ಹಡಗಿನ ಇಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಬೆಲ್ಟ್ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದನ್ನೂ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದೀರೋ? ನಾವೆಲ್ಲ ಆರೋಗ್ಯವಾಗಿದ್ದೇವೆ. ಮಗಳ ಮುಂದಿನ ಹಲ್ಲು ಬಿದ್ದಿದೆ. ನಿಮಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ಇನ್ನು ನಾವು ಕಟ್ಟಿಸುತ್ತಿರುವ ಮನೆಯ ಸುದ್ದಿ. ಕೋಪ ಮಾಡಿಕೊಳ್ಳದೆ ಓದಿ. ನೀವು ರಜೆಯಲ್ಲಿ ಬಂದು ಗೂಟ ಹೊಡೆದು ಸುಣ್ಣದ ಗೆರೆ ಎಳೆದದ್ದು ಮಳೆಗಾಲದಲ್ಲಿ. ಆಗ ದೋಣಿಗಳೆಲ್ಲ ದಡದಲ್ಲಿದ್ದವು, ಸೊಂಟದೆತ್ತರ ಹುಲ್ಲು ಬೆಳೆದಿತ್ತು. ನಾವೋ ಇಲ್ಲಿಗೆ ಹೊಸಬರು, ಅಲ್ಲೊಂದು ದಾರಿ ಇದೆಯೆಂದು ಹೊಳೆಯಲೇ ಇಲ್ಲ. ದೋಣಿಗಳು ನೀರಿಗಿಳಿದ ದಿನ ಬೆಳಿಗ್ಗೆ ಬಂದು ನೋಡುತ್ತೇನೆ, ನಮ್ಮ ಅಡುಗೆಮನೆಯ ಪಾಯದ ಮೇಲೆ ಯಾರೋ ಹಲಗೆ ಹಾಸಿದ್ದಾರೆ. ಬಲೆ ಹೊತ್ತವರು, ಬುಟ್ಟಿ ಹೊತ್ತವರು, ಟವೆಲ್ ಹೆಗಲಿಗೆ ಹಾಕಿ ಈಜಲು ಹೊರಟ ಮೇಷ್ಟ್ರು, ಎಲ್ಲರೂ ನಮ್ಮ ಒಲೆ ಬರಬೇಕಾದ ಜಾಗದಲ್ಲೇ ದಾಟಿ ಹೋಗುತ್ತಿದ್ದಾರೆ.

ನನಗೆ ಮೈಯೆಲ್ಲ ಉರಿಯಿತು. ಯಾರನ್ನೂ ಒಳಗೆ ಬಿಡಬೇಡ ಎಂದು ನೀವೂ ಬರೆದಿದ್ದಿರಲ್ಲ, ಮುಳ್ಳುತಂತಿ ಕಟ್ಟಿಸಿಯೇಬಿಟ್ಟೆ. ಯಾರೂ ಜಗಳಕ್ಕೆ ಬರಲಿಲ್ಲ. ಬಲೆ ಹೊಲಿಯುವ ಅಜ್ಜಿ ಮಾತ್ರ ತಂತಿಯ ಆಚೆ ನಿಂತು, "ನಿನ್ನದು ತಪ್ಪು ಅನ್ನಲ್ಲ ಮಗಳೇ. ಸುತ್ತು ಹಾಕಿ ಹೋಗೋಕೆ ನನ್ನ ಮೊಣಕಾಲು ಒಪ್ಪಲ್ಲ, ಅಷ್ಟೇ" ಎಂದು ವಾಪಸು ಹೋದಳು. ಮೂರು ದಿನ ಅವಳು ಕಡಲ ಕಡೆ ತಲೆ ಹಾಕಲಿಲ್ಲ. ದಿನಾ ಬೆಳಿಗ್ಗೆ ನಾನೇ ತಂತಿಯ ಹತ್ತಿರ ಹೋಗಿ ಅವಳು ಬರುತ್ತಾಳೇನೋ ಎಂದು ನೋಡುತ್ತಿದ್ದೆ.

ನಾಲ್ಕನೇ ದಿನ ಸರ್ವೇ ಕಚೇರಿಗೆ ಹೋಗಿ ಹಳೆಯ ನಕ್ಷೆ ತೆಗೆಸಿದೆ. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, "ಜಾಗ ನಿಮ್ದೇ ಅಮ್ಮಾ, ದಾರಿ ಮಾತ್ರ ಎಲ್ಲರದ್ದು" ಎಂದರು. ದಾರಿಯ ಚುಕ್ಕಿಗೆರೆ ನೇರವಾಗಿ, ಅಡುಗೆಮನೆಗೆ ಬೇಕೇ ಬೇಕು ಎಂದು ನೀವು ಹೇಳಿದ್ದ ಕಡಲು ಕಾಣುವ ಕಿಟಕಿಯ ಜಾಗದ ಮೇಲೆಯೇ ಹಾದಿದೆ. ಅಡುಗೆಮನೆಯನ್ನು ಎಂಟಡಿ ಹಿಂದಕ್ಕೆ ತಂದರೆ ದಾರಿ ಉಳಿಯುತ್ತದೆ, ಆದರೆ ಅಲ್ಲಿಂದ ಕಡಲು ಕಾಣುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಹದಿನಾಲ್ಕು ವರ್ಷ ಕಡಲ ಮೇಲಿದ್ದೂ ಕಿಟಕಿಯಿಲ್ಲದ ಕೋಣೆಯಲ್ಲಿ ದುಡಿದವರು ನೀವು. ಆ ಕಿಟಕಿ ನಿಮಗೆ ಏನೆಂದು ನನಗೆ ಗೊತ್ತು, ಅದಕ್ಕೇ ಸಂಕಟ. ನಿಮ್ಮನ್ನು ಕೇಳದೆ ಹೇಗೆ ಎಂದು ಬರೆಯುತ್ತಿದ್ದೇನೆ. ಯೋಚಿಸಿ ತಿಳಿಸಿ.

ಅತ್ತೆಯವರ ಆಶೀರ್ವಾದ, ಮಗಳ ಬೊಚ್ಚುಬಾಯಿಯ ಮುತ್ತು ಇದರ ಜೊತೆಗಿವೆ. ಬೆಲ್ಟ್ ಮರೆಯಬೇಡಿ.

ನಿಮ್ಮ
ಬಾಯಿಬಡುಕಿ

ಮರೆತಿದ್ದೆ: ಕೇಳುತ್ತಿದ್ದೇನೆ ಎಂದದ್ದು ಸುಳ್ಳು. ತಂತಿಯನ್ನು ನಾನೇ ಬಿಚ್ಚಿದೆ, ಹಳೆಯ ಪಾಯ ಕೀಳಿಸಿದೆ, ಎಂಟಡಿ ಹಿಂದೆ ಹೊಸ ಗೋಡೆ ಎದ್ದಿದೆ. ನಿಮ್ಮ ಕಿಟಕಿಯ ಚೌಕಟ್ಟನ್ನು ದಾರಿಯ ಕಡೆಗೆ ಕೂರಿಸಿದ್ದೇವೆ. ಅಜ್ಜಿ ಕಡಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರೊಳಗೆ ಇಣುಕಿ, "ನಿಮ್ಮೋರು ಯಾವಾಗ ಬರ್ತಾರೆ?" ಎಂದು ಕೇಳುತ್ತಾಳೆ. ಈಗ ಮೇಷ್ಟ್ರೂ ಕೇಳುತ್ತಾರೆ, ದೋಣಿಯವರೂ ಕೇಳುತ್ತಾರೆ. ಎಲ್ಲರಿಗೂ ಹೇಳಲು ನನ್ನ ಹತ್ತಿರ ಒಂದು ತಾರೀಖಿಲ್ಲ. ಬೈಯುವುದಿದ್ದರೆ ಬಂದು ಬೈಯಿರಿ.